ಹಳೆಯ ಡ್ರೈವರ್ ತೆಗೆಯುವ ಮುನ್ನ

(ಗೊರೇಬಾಳದಲ್ಲಿ ನಡೆದ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರ್ ಶಿಕ್ಷಣದ ಬಗ್ಗೆ ನಾಲ್ಕು ಮಾತು ಆಡಿರಿ ಎಂದು ಸಂಘದವರು ಕೇಳಿದರು. ಕಂಪ್ಯೂಟರ್ ಕಲಿತರೆ ಕೆಲಸ ಸಿಗುತ್ತದೆ ಎಂಬ ಮಾತನ್ನು ನೀವು ಈಗಾಗಲೇ ಬಹಳ ಸಲ ಕೇಳಿದ್ದೀರಿ. ಆದ್ದರಿಂದ ನಾನು ಇಂದು ಒಂದೇ ಒಂದು ಚಿಕ್ಕ ಕೆಲಸವನ್ನು ತೆಗೆದುಕೊಂಡು ಮಾತನಾಡುತ್ತೇನೆ. ಅದು ಸ್ಟೋರೇಜ್ ಕಂಟ್ರೋಲರ್‌ನ ಡ್ರೈವರ್ ತಂತ್ರಾಂಶವನ್ನು ಕಂಪ್ಯೂಟರ್‌ನಿಂದ ಸುರಕ್ಷಿತವಾಗಿ ತೆಗೆಯುವ ಕೆಲಸ. ಚಿಕ್ಕದಾದರೂ ಇದನ್ನು ತಪ್ಪಾಗಿ ಮಾಡಿ ನಾನು ಬೇರೆಯವರಿಗೆ ನಷ್ಟ ಉಂಟುಮಾಡಿದ್ದೇನೆ. ಅದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ನಾನು ರಿಪೇರಿ ಕೆಲಸವನ್ನು ಆಗತಾನೇ ಕಲಿತಿದ್ದೆ. ಒಂದು ಕಚೇರಿಯ ಕಂಪ್ಯೂಟರ್ ನಿಧಾನವಾಗಿದೆ ಎಂದು ನನ್ನನ್ನು ಕರೆದರು. ವಿಂಡೋಸ್ ಎಕ್ಸ್‌ಪಿ ಇದ್ದ ಯಂತ್ರ. ನನಗೆ ಅರ್ಥವಾಗದ ಹೆಸರುಗಳನ್ನೆಲ್ಲ ಕಸವೆಂದು ತಿಳಿದು ಒಂದೊಂದಾಗಿ ತೆಗೆದುಹಾಕಿದೆ. ಅವುಗಳಲ್ಲಿ ಹಾರ್ಡ್ ಡಿಸ್ಕ್ ನಡೆಸುವ ಡ್ರೈವರ್ ಕೂಡ ಇತ್ತು. ರೀಸ್ಟಾರ್ಟ್ ಮಾಡಿದೆ, ನೀಲಿ ಪರದೆ ಬಂತು. ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗಿ ಪೂರ್ತಿ ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿದೆ. ಯಂತ್ರ ಚೆನ್ನಾಗಿ ಓಡಿತು. ಆಗ ಅಲ್ಲಿಯ ಹಿರಿಯ ಗುಮಾಸ್ತರು ಬಂದು, ‘ನಮ್ ಹುಡುಗ್ರ ಸ್ಕಾಲರ್‌ಶಿಪ್ ಪಟ್ಟಿ ಎಲ್ಲೈತಿ ತಮ್ಮಾ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮನೆ ಮನೆಗೆ ಹೇಳಿಕಳಿಸಿ ಆದಾಯ ಪ್ರಮಾಣಪತ್ರ, ಅಂಕಪಟ್ಟಿ ಎಲ್ಲವನ್ನೂ ಮತ್ತೆ ತರಿಸಬೇಕಾಯಿತು. ಇಬ್ಬರು ಮಕ್ಕಳ ಅರ್ಜಿ ಕೊನೆಯ ದಿನಾಂಕದೊಳಗೆ ಹೋಗಲಿಲ್ಲ.

ನಂತರ ನನಗೆ ತಿಳಿಯಿತು. ನೀಲಿ ಪರದೆ ಬಂದಾಗ ಆ ಪಟ್ಟಿ ಡಿಸ್ಕಿನಲ್ಲಿ ಹಾಗೆಯೇ ಇತ್ತು. ಅದನ್ನು ಅಳಿಸಿದ್ದು ಡ್ರೈವರ್ ಅಲ್ಲ, ನನ್ನ ಗಾಬರಿ. ಆ ಡಿಸ್ಕನ್ನು ಬಿಚ್ಚಿ ಬೇರೊಂದು ಕಂಪ್ಯೂಟರ್‌ಗೆ ಜೋಡಿಸಿದ್ದರೆ ಎಲ್ಲವೂ ಸಿಗುತ್ತಿತ್ತು.

ಹಾಗಾದರೆ ಈ ಡ್ರೈವರ್ ಎಂದರೇನು? ನಮ್ಮ ಕಡತಗಳು ಇರುವುದು ಡಿಸ್ಕಿನಲ್ಲಿ. ಡಿಸ್ಕಿಗೂ ಕಂಪ್ಯೂಟರ್‌ನ ಉಳಿದ ಭಾಗಕ್ಕೂ ನಡುವೆ ಮಾಹಿತಿಯನ್ನು ಸಾಗಿಸುವ ಯಂತ್ರಭಾಗವೇ ಸ್ಟೋರೇಜ್ ಕಂಟ್ರೋಲರ್. ಅದನ್ನು ಹೇಗೆ ನಡೆಸಬೇಕೆಂದು ವಿಂಡೋಸ್‌ಗೆ ತಿಳಿಸುವ ತಂತ್ರಾಂಶವೇ ಡ್ರೈವರ್. ಪ್ರಿಂಟರ್ ಡ್ರೈವರ್ ತೆಗೆದರೆ ಪ್ರಿಂಟರ್ ಮಾತ್ರ ನಿಲ್ಲುತ್ತದೆ. ಆದರೆ ವಿಂಡೋಸ್ ಕೂಡ ಡಿಸ್ಕಿನಲ್ಲೇ ಇರುವುದರಿಂದ, ಈ ಡ್ರೈವರ್ ಇಲ್ಲದಿದ್ದರೆ ವಿಂಡೋಸ್ ತನ್ನ ಮನೆಯೊಳಗೆ ತಾನೇ ಹೋಗಲಾರದು. ಆಗ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ನೀಲಿ ಪರದೆ ಬರುತ್ತದೆ. ಹಳೆಯ ವಿಂಡೋಸ್‌ಗಳಲ್ಲಿ ಸೊನ್ನೆಗಳ ಸಾಲಿನ ಕೊನೆಗೆ 7ಬಿ ಎಂದು ಕಾಣುತ್ತಿತ್ತು.

ಸಿಂಧನೂರು ಭಾಗದ ನಮಗೆ ಇದನ್ನು ತಿಳಿಯುವುದು ಕಷ್ಟವಲ್ಲ. ನಮ್ಮ ನೀರು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಬರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಕ್ರಸ್ಟ್ ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಬೆಳೆಯ ನೀರು ನದಿಗೆ ಹರಿದುಹೋಗುವುದನ್ನು ಕಂಡು ನಾವೆಲ್ಲ ಎಷ್ಟು ಕಳವಳಪಟ್ಟೆವು! ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಸ್ಟಾಪ್‌ಲಾಗ್ ಗೇಟ್ ಇಳಿಸಿದಾಗ ಜೀವ ಬಂದಂತಾಯಿತು. ಅದು ತಾನಾಗಿ ಆದ ಅವಘಡ. ಆದರೆ ಬದಲಿ ಗೇಟ್ ಸಿದ್ಧವಿಲ್ಲದೆ ಯಾರಾದರೂ ಬೇಕೆಂದೇ ಗೇಟ್ ಬಿಚ್ಚುತ್ತಾರೆಯೇ? ಡ್ರೈವರ್ ತೆಗೆಯುವುದಕ್ಕೂ ಇದೇ ನಿಯಮ. ಬದಲಿ ನಿಂತ ಮೇಲೆಯೇ ಹಳೆಯದನ್ನು ಎತ್ತಬೇಕು.

ಮೊದಲ ಪ್ರಶ್ನೆ: ತೆಗೆಯುವುದು ನಿಜವಾಗಿ ಅಗತ್ಯವೇ? ಅನೇಕ ಸಲ ಹೊಸ ಆವೃತ್ತಿ ಹಾಕಿದರೆ ಸಾಕಾಗುತ್ತದೆ. 2019ರಲ್ಲಿ ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್‌ನ ಕೆಲವು ಹಳೆಯ ಆವೃತ್ತಿಗಳಿದ್ದ ಕಂಪ್ಯೂಟರ್‌ಗಳಿಗೆ ವಿಂಡೋಸ್ 10ರ ಹೊಸ ಆವೃತ್ತಿ ನೀಡುವುದನ್ನು ಮೈಕ್ರೋಸಾಫ್ಟ್ ತಡೆಹಿಡಿದಿತ್ತು. ಅಲ್ಲಿಯೂ ಪರಿಹಾರ ಡ್ರೈವರನ್ನು ನವೀಕರಿಸುವುದೇ ಆಗಿತ್ತು. ಡ್ರೈವರ್‌ನಿಂದ ತೊಂದರೆ ಆಗುತ್ತಿದೆ ಎಂದು ಖಚಿತವಾಗಿದ್ದರೆ ಮಾತ್ರ ಕೈಹಾಕಿರಿ. ಯಂತ್ರ ನಿಧಾನವಾಗಿದೆ ಎಂಬುದೊಂದೇ ಕಾರಣ ಸಾಲದು.

ಎರಡನೆಯದು, ನಕಲು. ಮುಖ್ಯ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಅಥವಾ ಪೆನ್‌ಡ್ರೈವ್‌ಗೆ ನಕಲು ಮಾಡಿ, ಅದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಿರಿ. ತೆರೆದು ನೋಡದ ನಕಲನ್ನು ನಂಬಬೇಡಿರಿ. ಸಿಸ್ಟಂ ರಿಸ್ಟೋರ್ ಪಾಯಿಂಟ್ ಮಾಡಿಡಿರಿ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದುಕೊಳ್ಳಿರಿ, ಕೆಲಸ ಮುಗಿಯುವವರೆಗೆ ಬಿಟ್‌ಲಾಕರನ್ನು ತಡೆದಿಡಿರಿ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದಿರಬಹುದು. ಆದ್ದರಿಂದ ಖಾತೆಯ ಪಾಸ್‌ವರ್ಡ್ ಗೊತ್ತಿರಬೇಕು.

ಮೂರನೆಯದು, ಈಗ ಏನಿದೆ ಎಂದು ನೋಡುವುದು. ಡಿವೈಸ್ ಮ್ಯಾನೇಜರ್ ತೆರೆದು ಸ್ಟೋರೇಜ್ ಕಂಟ್ರೋಲರ್ಸ್ ಮತ್ತು ಐಡಿಇ ಕಂಟ್ರೋಲರ್ಸ್ ಎಂಬ ಭಾಗಗಳನ್ನು ನೋಡಿರಿ. ಹೆಸರು ‘ಸ್ಟ್ಯಾಂಡರ್ಡ್ ಸಾಟಾ ಎಎಚ್‌ಸಿಐ ಕಂಟ್ರೋಲರ್’ ಎಂದಿದ್ದರೆ ಅದು ವಿಂಡೋಸ್‌ನದೇ ಡ್ರೈವರ್, ಅದನ್ನು ಮುಟ್ಟಬೇಡಿರಿ. ಬೇರೆ ಕಂಪನಿಯ ಹೆಸರಿದ್ದರೆ, ಬಯೋಸ್‌ನಲ್ಲಿ ಸಾಟಾ ಮೋಡ್ ಯಾವುದಿದೆ ಎಂದು ನೋಡಿ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿರಿ.

ಮೋಡ್ ಎಎಚ್‌ಸಿಐ ಆಗಿದ್ದರೆ ಕೆಲಸ ಸುಲಭ. ಡಿವೈಸ್ ಮ್ಯಾನೇಜರ್‌ನಲ್ಲಿ ಆ ಕಂಟ್ರೋಲರ್‌ನ ಮೇಲೆ ‘ಅಪ್‌ಡೇಟ್ ಡ್ರೈವರ್’ ಒತ್ತಿ, ಕಂಪ್ಯೂಟರ್‌ನಲ್ಲಿರುವ ಪಟ್ಟಿಯಿಂದ ನಾನೇ ಆರಿಸುತ್ತೇನೆ ಎಂಬ ದಾರಿಯಲ್ಲಿ ಹೋಗಿ, ವಿಂಡೋಸ್‌ನ ಸ್ಟ್ಯಾಂಡರ್ಡ್ ಡ್ರೈವರನ್ನು ಆರಿಸಿರಿ. ರೀಸ್ಟಾರ್ಟ್ ಮಾಡಿರಿ. ಯಂತ್ರ ಸರಿಯಾಗಿ ಎದ್ದ ಮೇಲೆ ಮಾತ್ರ, ಆ್ಯಪ್‌ಗಳ ಪಟ್ಟಿಗೆ ಹೋಗಿ ಹಳೆಯ ಕಂಪನಿಯ ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿರಿ.

ಮೋಡ್ ರೇಡ್ ಅಥವಾ ಆರ್‌ಎಸ್‌ಟಿ ಎಂದಿದ್ದರೆ ಎಚ್ಚರ ಬೇಕು. ಎರಡು ಮೂರು ಡಿಸ್ಕುಗಳನ್ನು ರೇಡ್‌ನಲ್ಲಿ ಒಂದಾಗಿ ಜೋಡಿಸಿದ್ದರೆ ಈ ಕೆಲಸಕ್ಕೆ ಕೈಹಾಕಲೇಬೇಡಿರಿ, ಕಡತಗಳು ಓದಲು ಸಿಗದಂತಾಗಬಹುದು. ಆಪ್ಟೇನ್ ಮೆಮೊರಿ ಇದ್ದರೆ ಮೊದಲು ಅದನ್ನು ಅದರದೇ ತಂತ್ರಾಂಶದಿಂದ ನಿಷ್ಕ್ರಿಯಗೊಳಿಸಬೇಕು. ಒಂದೇ ಡಿಸ್ಕ್ ಇದ್ದು ವಿಂಡೋಸ್ 10 ಅಥವಾ 11 ಆಗಿದ್ದರೆ ಹೀಗೆ ಮಾಡಿರಿ: ವಿಂಡೋಸ್ ಕೀ ಮತ್ತು ಆರ್ ಒತ್ತಿ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಎಂಬಲ್ಲಿ ‘ಸೇಫ್ ಬೂಟ್’ ಗುರುತು ಹಾಕಿರಿ. ರೀಸ್ಟಾರ್ಟ್ ಆಗುವಾಗ ನೇರವಾಗಿ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿರಿ. ಸೇಫ್ ಮೋಡ್‌ನಲ್ಲಿ ಏಳುವಾಗ ವಿಂಡೋಸ್ ತನ್ನ ಡ್ರೈವರನ್ನು ತಾನೇ ಸಿದ್ಧ ಮಾಡಿಕೊಳ್ಳುತ್ತದೆ. ನಂತರ ಆ ಗುರುತು ತೆಗೆದು ಮತ್ತೆ ರೀಸ್ಟಾರ್ಟ್ ಮಾಡಿರಿ. ಹಳೆಯದನ್ನು ಅನ್‌ಇನ್‌ಸ್ಟಾಲ್ ಮಾಡುವುದು ಇದೆಲ್ಲದರ ಕೊನೆಗೆ.

ಇನ್ನು ಮಾಡಬಾರದ್ದು ಮೂರು. ವಿಂಡೋಸ್ ಫೋಲ್ಡರ್‌ನೊಳಗೆ ಹೋಗಿ ಡ್ರೈವರ್ ಕಡತವನ್ನು ಕೈಯಿಂದ ಅಳಿಸಬಾರದು. ಬದಲಿ ಡ್ರೈವರ್ ನಿಲ್ಲಿಸದೆ, ಡಿವೈಸ್ ಮ್ಯಾನೇಜರ್‌ನಲ್ಲಿ ‘ಡ್ರೈವರ್ ಅಳಿಸು’ ಎಂಬ ಚೌಕಕ್ಕೆ ಗುರುತು ಹಾಕಿ ತೆಗೆಯಬಾರದು. ಎಲ್ಲ ಡ್ರೈವರ್‌ಗಳನ್ನು ಒಂದೇ ಗುಂಡಿಯಲ್ಲಿ ಸ್ವಚ್ಛ ಮಾಡುತ್ತೇವೆ ಎನ್ನುವ ಉಚಿತ ತಂತ್ರಾಂಶಗಳನ್ನು ನಂಬಬಾರದು.

ಇಷ್ಟಾದರೂ ಯಂತ್ರ ಏಳದಿದ್ದರೆ? ಕೈಕಟ್ಟಿ ಐದು ನಿಮಿಷ ಕುಳಿತುಕೊಳ್ಳಿರಿ. ನಂತರ ಫೋಟೋ ನೋಡಿ ಬಯೋಸ್ ಮೋಡನ್ನು ಮೊದಲಿನಂತೆ ಮಾಡಿರಿ. ಅದಕ್ಕೂ ಏಳದಿದ್ದರೆ, ಎರಡು ಮೂರು ಸಲ ವಿಫಲವಾದ ಮೇಲೆ ವಿಂಡೋಸ್ 10 ಮತ್ತು 11 ತಾವಾಗಿಯೇ ರಿಕವರಿ ಪರದೆ ತೋರಿಸುತ್ತವೆ. ಅಲ್ಲಿಂದ ಸಿಸ್ಟಂ ರಿಸ್ಟೋರ್ ಮಾಡಬಹುದು. ಅದೂ ಆಗದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಹೊರತೆಗೆಯಿರಿ. ಫಾರ್ಮ್ಯಾಟ್ ಎಂಬುದು ಎಲ್ಲಕ್ಕಿಂತ ಕೊನೆಯ ಮೆಟ್ಟಿಲು. ಹೊಸ ಲ್ಯಾಪ್‌ಟಾಪ್‌ಗಳಿಗೆ ವಿಂಡೋಸ್ ಹಾಕುವಾಗ ಡಿಸ್ಕ್ ಕಾಣದಿದ್ದರೂ ಡಿಸ್ಕ್ ಸತ್ತಿತೆಂದು ತೀರ್ಮಾನಿಸಬೇಡಿರಿ. ಇಂಟೆಲ್‌ನ ವಿಎಂಡಿ ವ್ಯವಸ್ಥೆ ಇರುವ ಯಂತ್ರಗಳಲ್ಲಿ ಅದರ ಡ್ರೈವರನ್ನು ಪೆನ್‌ಡ್ರೈವ್‌ನಿಂದ ಕೊಟ್ಟಾಗಲೇ ಡಿಸ್ಕ್ ಕಾಣುತ್ತದೆ.

ಇಂಥ ತಪ್ಪು ಹಳ್ಳಿಯ ರಿಪೇರಿಯವನಿಂದ ಮಾತ್ರ ಆಗುತ್ತದೆ ಎಂದು ತಿಳಿಯಬೇಡಿರಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ದೊಡ್ಡ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಕಡತದಿಂದ, ಅದರ ಡ್ರೈವರ್ ಇದ್ದ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಂದು ನಿಂತವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಸಾಲುಗಟ್ಟಿ ಕಾಯಬೇಕಾಯಿತು. ಅಲ್ಲಿಯೂ ಮಾಹಿತಿ ಅಳಿದಿರಲಿಲ್ಲ. ಸೇಫ್ ಮೋಡ್‌ನಲ್ಲಿ ಯಂತ್ರ ತೆರೆದು ಆ ಒಂದು ಕಡತವನ್ನು ತೆಗೆದವರು ಎಲ್ಲವನ್ನೂ ಉಳಿಸಿಕೊಂಡರು.

ವಿದ್ಯಾರ್ಥಿಗಳೇ, ನಾಳೆ ನೀವು ಶಾಲೆ, ಅಂಗಡಿ, ಸಂಘದ ಕಚೇರಿಗಳಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತೀರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಹಳೆಯ ಯಂತ್ರಗಳನ್ನು ಬದಲಾಯಿಸುವ ಕೆಲಸ ನಿಮ್ಮ ಕೈಗೆ ಬರುತ್ತದೆ. ಯಂತ್ರ ಯಾರದೇ ಇರಲಿ, ಅದರೊಳಗಿನ ಪಟ್ಟಿ ಯಾವುದೋ ಮಗುವಿನದು. ನಂಬಿ ಕೊಟ್ಟ ವಸ್ತುವಿಗೆ ನಮ್ಮ ಮನೆಮಾತಿನಲ್ಲಿ ಅಮಾನತ್ ಎನ್ನುತ್ತೇವೆ. ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ, ಇದರ ನಕಲು ಎಲ್ಲಿದೆ ಎಂದು ಕೇಳಿರಿ. ಆ ದಿನ ನಾನು ಆ ಒಂದು ಮಾತು ಕೇಳಿದ್ದರೆ ಇಬ್ಬರು ಮಕ್ಕಳ ಒಂದು ವರ್ಷದ ವಿದ್ಯಾರ್ಥಿವೇತನ ಉಳಿಯುತ್ತಿತ್ತು.