ಮನೆಗೆ ಮರಳುವ ಹಕ್ಕು: ಬೋಸ್ನಿಯಾ ಕಲಿಸುವ ಪಾಠ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಯುದ್ಧ ಎಂದರೆ ನಮಗೆ ಬಾಂಬು, ಬಂದೂಕು, ಸತ್ತವರ ಸಂಖ್ಯೆ ನೆನಪಾಗುತ್ತದೆ. ಯುದ್ಧ ನಿಂತ ಮೇಲೆ ಏನಾಯಿತು ಎಂದು ನಾವು ಕೇಳುವುದು ಕಡಿಮೆ. ಓಡಿಹೋದವರು ಮರಳಿದರೇ? ಅವರ ಮನೆಯಲ್ಲಿ ಈಗ ಯಾರಿದ್ದಾರೆ? ಕೊಂದವರಿಗೆ ಶಿಕ್ಷೆಯಾಯಿತೇ? ಬೋಸ್ನಿಯಾ ದೇಶವನ್ನು ಮುಂದಿಟ್ಟುಕೊಂಡು ಈ ಮೂರು ಪ್ರಶ್ನೆಗಳನ್ನು ನಿಮ್ಮೊಡನೆ ವಿಚಾರ ಮಾಡುತ್ತೇನೆ.

ಯುಗೊಸ್ಲಾವಿಯಾ ಒಡೆದಾಗ, 1992ರಿಂದ 1995ರವರೆಗೆ ಬೋಸ್ನಿಯಾದಲ್ಲಿ ಯುದ್ಧ ನಡೆಯಿತು. ಸುಮಾರು ಒಂದು ಲಕ್ಷ ಜನ ಸತ್ತರು. 44 ಲಕ್ಷದಷ್ಟಿದ್ದ ಜನರಲ್ಲಿ ಸುಮಾರು 22 ಲಕ್ಷ ಮಂದಿ ಮನೆ ಬಿಟ್ಟರು. ಹೆಚ್ಚು ಜೀವಹಾನಿಯಾದದ್ದು ಬೋಸ್ನಿಯಾಕ್ ಮುಸ್ಲಿಮರಿಗೆ. ಆದರೆ ಸರ್ಬರೂ ಕ್ರೊಯೇಷಿಯನ್ನರೂ ನಿರಾಶ್ರಿತರಾದರು. 1995ರ ಡಿಸೆಂಬರಿನಲ್ಲಿ ಸಹಿಯಾದ ಡೇಟನ್ ಒಪ್ಪಂದದ ಏಳನೆಯ ಅನುಬಂಧವು ನಿರಾಶ್ರಿತನಿಗೆ ದೇಶಕ್ಕೆ ಮಾತ್ರವಲ್ಲ, ತನ್ನ ಸ್ವಂತ ಮನೆಗೇ ಮರಳುವ ಹಕ್ಕಿದೆ ಎಂದು ಸಾರಿತು.

ಆದರೆ ಕಾಗದದ ಹಕ್ಕು ಮನೆಬಾಗಿಲಿಗೆ ಬರಲು ವರ್ಷಗಳೇ ಹಿಡಿದವು. ಮೂರೂ ಕಡೆಯ ಆಡಳಿತಗಳು ಓಡಿಹೋದವರ ಮನೆಗಳನ್ನು ಬೇರೆಯವರಿಗೆ ಕೊಟ್ಟಿದ್ದವು. ಮುಸ್ಲಿಮರೇ ಮುಂದಿದ್ದ ಸರಾಯೆವೊ ಸರ್ಕಾರ, ಯುದ್ಧ ಮುಗಿದಾಗ ಸಾರ್ವಜನಿಕ ಒಡೆತನದ ಫ್ಲ್ಯಾಟುಗಳ ಹಳೆಯ ನಿವಾಸಿಗಳಿಗೆ ಕೊಟ್ಟ ಗಡುವು ಎಷ್ಟು ಗೊತ್ತೇ? ದೇಶದೊಳಗಿದ್ದವರಿಗೆ 7 ದಿನ, ಹೊರಗಿದ್ದವರಿಗೆ 15 ದಿನ! ಇದನ್ನು ನಾನು ಬೇಕೆಂದೇ ಹೇಳುತ್ತಿದ್ದೇನೆ. ನಮ್ಮವರು ಮಾಡಿದ ಅನ್ಯಾಯಕ್ಕೆ ಕಣ್ಣು ಮುಚ್ಚಿಕೊಂಡರೆ, ನಮ್ಮವರಿಗಾದ ಅನ್ಯಾಯದ ಬಗ್ಗೆ ಮಾತನಾಡಲು ನಮಗೆ ಬಾಯಿರುವುದಿಲ್ಲ.

ಈ ಗಂಟು ಬಿಡಿಸಿದ್ದು ಘೋಷಣೆಗಳಲ್ಲ, ರಿಜಿಸ್ಟರುಗಳು. 1999ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ದೇಶಕ್ಕೆಲ್ಲ ಒಂದೇ ಕ್ರಮ ತಂದವು. ಅರ್ಜಿ ಬಂದ ಕ್ರಮದಲ್ಲೇ ತೀರ್ಮಾನವಾಗಬೇಕು. ಎಷ್ಟು ಅರ್ಜಿ ಬಂತು, ಎಷ್ಟು ಮನೆ ಕೈಸೇರಿತು ಎಂಬ ಲೆಕ್ಕ ಪ್ರತಿ ಪುರಸಭೆಯಿಂದಲೂ ಬಹಿರಂಗವಾಗಬೇಕು. ಆ ವರ್ಷದ ನವೆಂಬರಿನಲ್ಲಿ, ಒಪ್ಪಂದದ ಜಾರಿಗೆ ಅಡ್ಡಿಪಡಿಸಿದ 22 ಅಧಿಕಾರಿಗಳು ಹುದ್ದೆ ಕಳೆದುಕೊಂಡರು. ಮನೆಯಲ್ಲಿ ಕುಳಿತಿದ್ದವರೂ ಎಷ್ಟೋ ಸಲ ನಿರಾಶ್ರಿತರೇ. ಅವರು ಬಿಟ್ಟುಕೊಡಲೇಬೇಕಿತ್ತು, ಗತಿಯಿಲ್ಲದವರಿಗೆ ತಾತ್ಕಾಲಿಕ ವಸತಿ ಕೊಡಬೇಕಿತ್ತು. ಹೀಗೆ 2 ಲಕ್ಷಕ್ಕೂ ಹೆಚ್ಚಿನ ಅರ್ಜಿಗಳಲ್ಲಿ ಶೇ. 90ಕ್ಕಿಂತ ಹೆಚ್ಚು 2004ರ ಹೊತ್ತಿಗೆ ಇತ್ಯರ್ಥವಾದವು. ಅದೇ ವರ್ಷ ಮರಳಿದವರ ಸಂಖ್ಯೆ 10 ಲಕ್ಷ ಮುಟ್ಟಿತು.

ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ವ್ಯವಹಾರವನ್ನು ನ್ಯಾಯವಾಗಿ ಬರೆದಿಡುವ ಕುರಿತಾದದ್ದು ಎಂಬುದನ್ನು ಇಲ್ಲಿ ನೆನೆಯಿರಿ.

ಇನ್ನೊಂದು ಸಣ್ಣ ಸಂಗತಿ. ವಾಹನದ ನಂಬರ್ ಪ್ಲೇಟು ನೋಡಿದರೆ ಸಾಕು, ಯಾವ ಕಡೆಯವರೆಂದು ತಿಳಿಯುತ್ತಿತ್ತು. ಆ ಭಯಕ್ಕೆ ಜನ ಗಡಿ ದಾಟುತ್ತಿರಲಿಲ್ಲ. 1998ರಲ್ಲಿ ಎಲ್ಲರಿಗೂ ಒಂದೇ ಬಗೆಯ ಪ್ಲೇಟು ಬಂತು. ಲ್ಯಾಟಿನ್, ಸಿರಿಲಿಕ್ ಎರಡೂ ಲಿಪಿಗಳಲ್ಲಿ ಒಂದೇ ರೂಪದಲ್ಲಿರುವ ಅಕ್ಷರಗಳನ್ನೇ ಅದಕ್ಕೆ ಆರಿಸಿದರು. ಉರ್ದು, ಕನ್ನಡ ಎರಡು ಲಿಪಿಗಳನ್ನು ಕಲಿಸುವ ನನಗೆ ಈ ಉಪಾಯ ಬಹಳ ಹಿಡಿಸಿತು.

ಇನ್ನು ನ್ಯಾಯ. ಸ್ರೆಬ್ರೆನಿತ್ಸಾದಲ್ಲಿ 1995ರ ಜುಲೈನಲ್ಲಿ 8 ಸಾವಿರಕ್ಕೂ ಹೆಚ್ಚು ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದರು. ಹೇಗ್ ನಗರದ ಯುದ್ಧಾಪರಾಧ ನ್ಯಾಯಮಂಡಳಿ 2017ರಲ್ಲಿ ಮುಚ್ಚುವವರೆಗೆ ಒಟ್ಟು 161 ಜನರ ಮೇಲೆ ಆರೋಪ ಹೊರಿಸಿತು. ಸರ್ಬ್ ಸೇನಾಪತಿ ರಾಟ್ಕೊ ಮ್ಲಾಡಿಚ್‌ನ ಜೀವಾವಧಿ ಶಿಕ್ಷೆ 2021ರಲ್ಲಿ ಖಾಯಂ ಆಯಿತು. ಎಲುಬುಗಳ ಡಿಎನ್‌ಎ ಪರೀಕ್ಷೆಯಿಂದ ಸಾವಿರಾರು ತಾಯಂದಿರಿಗೆ ಮಕ್ಕಳ ಗೋರಿಯಾದರೂ ಸಿಕ್ಕಿತು.

ಹಾಗಾದರೆ ಎಲ್ಲ ಸರಿಹೋಯಿತೇ? ಇಲ್ಲ. ಮನೆ ಸಿಕ್ಕಿದರೂ ಕೆಲಸವಿಲ್ಲದೆ, ಮಕ್ಕಳಿಗೆ ತಕ್ಕ ಶಾಲೆಯಿಲ್ಲದೆ, ಅನೇಕರು ಮನೆ ಮಾರಿ ಹೊರಟುಹೋದರು. ಹಲವು ಊರುಗಳಲ್ಲಿ ಒಂದೇ ಕಟ್ಟಡದಲ್ಲಿ ಎರಡು ಶಾಲೆಗಳಾದವು: ಮುಸ್ಲಿಂ ಮಕ್ಕಳಿಗೊಂದು, ಕ್ರೊಯೇಷಿಯನ್ ಮಕ್ಕಳಿಗೊಂದು, ಬಾಗಿಲೂ ಬೇರೆ. ಕೀಲಿಕೈ ಕೊಡಿಸುವುದು ಕಾನೂನಿಗೆ ಸಾಧ್ಯ. ನೆರೆಹೊರೆ ಕಟ್ಟುವುದು ಶಾಲೆಯ ಕೆಲಸ, ಅಲ್ಲಿ ಶಾಲೆಯೇ ಗೋಡೆಯಾಯಿತು.

ಆ ಗೋಡೆಯನ್ನು ತಡೆದವರು ನಿಮ್ಮ ವಯಸ್ಸಿನವರೇ. ಯಾಯ್ತ್ಸೆ ಎಂಬ ಊರಿನಲ್ಲಿ ಹೀಗೆಯೇ ಬೇರೆ ಶಾಲೆ ಮಾಡಹೊರಟಾಗ, ಎರಡೂ ಸಮುದಾಯದ ಹೈಸ್ಕೂಲು ವಿದ್ಯಾರ್ಥಿಗಳು ಒಟ್ಟಾಗಿ ಬೀದಿಗಿಳಿದರು. 2017ರಲ್ಲಿ ಆ ಯೋಜನೆ ನಿಂತಿತು. 2018ರಲ್ಲಿ ಅವರಿಗೆ ಮ್ಯಾಕ್ಸ್ ವಾನ್ ಡರ್ ಸ್ಟೂಲ್ ಪ್ರಶಸ್ತಿ ಸಂದಿತು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ವಕೀಲರಾಗುವಿರಿ, ಗುಮಾಸ್ತರಾಗುವಿರಿ, ಶಿಕ್ಷಕರಾಗುವಿರಿ. ನಿಮ್ಮ ಮೇಜಿನ ಮೇಲೆ ಒಂದು ಅರ್ಜಿ ಬಂದಾಗ ಹೆಸರು ನೋಡಬೇಡಿ, ಸರದಿ ನೋಡಿ. ಮತ್ತು ಇಂದು ನಿಮ್ಮ ಬೆಂಚಿನಲ್ಲಿ ಬೇರೆಯವನೊಬ್ಬನಿಗೆ ಜಾಗ ಬಿಡಿ. ಇದು ಸಣ್ಣ ಕೆಲಸವೆಂದು ತಿಳಿಯಬೇಡಿ.

ಅಲ್ಲಾಹನು ನಮಗೆಲ್ಲ ನ್ಯಾಯದ ಪರ ನಿಲ್ಲುವ ಶಕ್ತಿ ನೀಡಲಿ. ಆಮೀನ್. ಜೈ ಹಿಂದ್.