ಷೇರು ಕೊಳ್ಳಲು ಸಾಲ ಮಾಡುವ ಮುನ್ನ



ಭಾಷಾ ಶಿಕ್ಷಕನಿಗೆ ಷೇರುಪೇಟೆಯ ಮಾತೇಕೆ ಎಂದು ನೀವು ಕೇಳಬಹುದು. ನನ್ನ ಹಳೆಯ ವಿದ್ಯಾರ್ಥಿಗಳು ಈಗ ಸಿಕ್ಕರೆ ಪದ್ಯದ ಅರ್ಥ ಕೇಳುವುದಿಲ್ಲ, "ಸರ್, ಯಾವ ಷೇರು ತಗೊಳ್ಳಲಿ?" ಎನ್ನುತ್ತಾರೆ. ಅದಕ್ಕಾಗಿ ಈ ನಾಲ್ಕು ಮಾತು.

ಸಕಲೇಶಪುರ, ಆಲೂರಿನ ನಮಗೆ ಬೆಲೆಯ ಏರಿಳಿತ ಹೊಸದಲ್ಲ. ಇಲ್ಲಿಯ ಅರೇಬಿಕಾ ಕಾಫಿಗೆ ನ್ಯೂಯಾರ್ಕ್, ರೋಬಸ್ಟಾಗೆ ಲಂಡನ್ ದರವೇ ಆಧಾರ. 2001-02ರಲ್ಲಿ ಬೆಲೆ ನೆಲಕಚ್ಚಿದ್ದನ್ನು ಹಿರಿಯರು ಮರೆತಿಲ್ಲ. ಬೆಲೆ ಬಿದ್ದಾಗ ಕೈಯಲ್ಲಿ ಕಾಸಿದ್ದವರು ಮೂಟೆಗಳನ್ನು ಗೋದಾಮಿನಲ್ಲಿಟ್ಟು ಕಾಯುತ್ತಾರೆ. ವ್ಯಾಪಾರಿಯಿಂದ ಮುಂಗಡ ಪಡೆದವರು ಕಣದಿಂದಲೇ ತೂಗಿಕೊಡಬೇಕು. ಷೇರಿನಲ್ಲೂ ಹಾಗೆಯೇ.

ಲೆಕ್ಕ ಹಾಕಿ ನೋಡಿ. ನಿಮ್ಮದು 50,000 ರೂಪಾಯಿ, ಬ್ರೋಕರ್ ಕೊಟ್ಟ ಮಾರ್ಜಿನ್ ಸಾಲ ಇನ್ನೊಂದು 50,000. ಒಂದು ಲಕ್ಷದ ಷೇರು ಕೊಂಡಿರಿ. ಬೆಲೆ ಶೇಕಡಾ 30 ಇಳಿದರೆ ಉಳಿಯುವುದು 70,000. ಸಾಲ ಕಳೆದರೆ ನಿಮ್ಮ ಪಾಲು 20,000 ಮಾತ್ರ. ಅಂದರೆ ನಿಮ್ಮ ಹಣದಲ್ಲಿ ಶೇಕಡಾ 60 ಹೋಯಿತು, ಬಡ್ಡಿ ಬೇರೆ. (ಬಡ್ಡಿಯ ಬಗ್ಗೆ ಧರ್ಮ ಹೇಳುವುದನ್ನು ಈ ಸಭೆಗೆ ನಾನು ತಿಳಿಸಬೇಕಿಲ್ಲ.) ಇನ್ನಷ್ಟು ಹಣ ಕಟ್ಟಿ ಎಂದು ಸೂಚನೆ ಬರುತ್ತದೆ. ಕಟ್ಟದಿದ್ದರೆ ಬ್ರೋಕರ್ ತಾನೇ ಷೇರು ಮಾರಿಬಿಡುತ್ತಾನೆ.

2024ರ ಜೂನ್ 3ರಂದು ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ಪೇಟೆ ಜಿಗಿಯಿತು. ಮರುದಿನ ಫಲಿತಾಂಶ ಬಂತು. ಸೆನ್ಸೆಕ್ಸ್ ಸುಮಾರು 4,390 ಅಂಶ ಕುಸಿಯಿತು. ಜೂನ್ 7ಕ್ಕೆ ಕಳೆದದ್ದೆಲ್ಲ ಮರಳಿತ್ತು. ಸ್ವಂತ ಹಣ ಹಾಕಿದವರು ಮೂರು ದಿನ ಕಾದರೆ ಸಾಕಿತ್ತು. ಮಾರ್ಜಿನ್ ಕಟ್ಟಲಾಗದೆ 4ರಂದೇ ಷೇರು ಕಳೆದುಕೊಂಡವರಿಗೆ ಆ ಏರಿಕೆಯಿಂದ ಏನೂ ದಕ್ಕಲಿಲ್ಲ.

ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟಿನ ಕಥೆ ಇನ್ನೂ ಕಷ್ಟದ್ದು. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೂರು ವರ್ಷಗಳಲ್ಲಿ ಅದಕ್ಕಿಳಿದ ಜನಸಾಮಾನ್ಯರಲ್ಲಿ ಶೇಕಡಾ 93 ಮಂದಿ ನಷ್ಟ ಅನುಭವಿಸಿದರು. ತಲಾ ನಷ್ಟ ಸರಾಸರಿ ಎರಡು ಲಕ್ಷ ರೂಪಾಯಿ.

ಹಾಗಾದರೆ ಸಲಹೆ ಕೊಡುವವರು? 2023ರ ಅಕ್ಟೋಬರ್‌ನಲ್ಲಿ ಸೆಬಿ 'ಬಾಪ್ ಆಫ್ ಚಾರ್ಟ್' ಹೆಸರಿನಲ್ಲಿ ಪಾಠ ಹೇಳುತ್ತಿದ್ದವರ ಮೇಲೆ ಮಧ್ಯಂತರ ಆದೇಶ ಹೊರಡಿಸಿ, 17.2 ಕೋಟಿ ರೂಪಾಯಿ ಠೇವಣಿ ಇಡುವಂತೆ ಹೇಳಿತು. ಲಾಭದ ದಾರಿ ತೋರಿಸುತ್ತೇನೆಂದ ಆ ಗುರುವಿನ ಸ್ವಂತ ವಹಿವಾಟೇ ನಷ್ಟದಲ್ಲಿತ್ತು ಎಂದು ಅದೇ ಆದೇಶದಲ್ಲಿದೆ.

ಮೊನ್ನೆ ಒಬ್ಬ ಹುಡುಗ ಬಂದಿದ್ದ. ಗಲ್ಫ್‌ನಿಂದ ಅಣ್ಣ ಕಳಿಸಿದ ದುಡ್ಡು, ತಂಗಿಯ ಕಾಲೇಜು ಫೀಸಿಗೆಂದು ಇಟ್ಟದ್ದು, ಅವನ ಖಾತೆಯಲ್ಲಿತ್ತು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದ ಷೇರಿಗೆ ಅದನ್ನು ಹಾಕುವ ಆಸೆ. "ಆ ಸಲಹೆಗಾರರ ಸೆಬಿ ನೋಂದಣಿ ಸಂಖ್ಯೆ ಕೇಳಪ್ಪ" ಎಂದೆ. ಕೇಳಿದನಂತೆ. ಐದೇ ನಿಮಿಷದಲ್ಲಿ ಅವನನ್ನು ಗುಂಪಿನಿಂದ ತೆಗೆದುಹಾಕಿದರು.