ಬೆನ್ನಿನ ಮೇಲೆ ಬಟ್ಟಲು



2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ಕೊಳಕ್ಕೆ ಇಳಿಯಲು ನಿಂತಾಗ ಅವರ ಭುಜದ ಮೇಲೆ ನೇರಳೆ ಬಣ್ಣದ ದುಂಡನೆಯ ಕಲೆಗಳು ಕಂಡವು. ಇದೇನೆಂದು ಜಗತ್ತೆಲ್ಲ ಕೇಳಿತು. ಕಪ್ಪಿಂಗ್ ಎಂಬ ಉತ್ತರ ಬಂತು. ಈಗ ನಮ್ಮಲ್ಲಿಯೂ ಕೆಲವು ಫಿಸಿಯೋಥೆರಪಿ ಕೇಂದ್ರಗಳಲ್ಲಿ, ಕುತ್ತಿಗೆ ಹಿಡಿದುಕೊಂಡವರಿಗೂ ಸೊಂಟ ನೋಯುವವರಿಗೂ ಇಂಥ ಬಟ್ಟಲುಗಳನ್ನು ಹಾಕುತ್ತಾರೆ.

ಚಿಕಿತ್ಸೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ ರಕ್ತ ತೆಗೆಯಲು ಜಿಗಣೆಯ ಜೊತೆಗೆ ಹಸುವಿನ ಕೊಂಬು ಮತ್ತು ಸೋರೆಬುರುಡೆಯನ್ನು ಹೇಳಿದೆ. ಕೊಂಬನ್ನು ಬಾಯಿಂದ ಹೀರಬೇಕು, ಬುರುಡೆಯೊಳಗೆ ದೀಪವಿರಬೇಕು. ಯುನಾನಿ ಪದ್ಧತಿಯಲ್ಲಿ ಇದಕ್ಕೆ ಹಿಜಾಮಾ ಎಂದು ಹೆಸರು. ಬೆಂಗಳೂರಿನ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಇದು ಅಭ್ಯಾಸದ ವಿಷಯ. ಆದರೆ ಫಿಸಿಯೋಥೆರಪಿಯಲ್ಲಿ ಬಳಸುವುದು ಚರ್ಮಕ್ಕೆ ಗಾಯ ಮಾಡದ, ರಕ್ತ ತೆಗೆಯದ ಒಣ ಕಪ್ಪಿಂಗನ್ನು. ಇವೆರಡನ್ನೂ ಬೆರೆಸಬೇಡಿ.

ಬಟ್ಟಲು ನಿಜವಾಗಿ ಏನು ಮಾಡುತ್ತದೆ? ಇದನ್ನು ತಿಳಿಯಲು ಆಸ್ಪತ್ರೆಗೇ ಹೋಗಬೇಕೆಂದಿಲ್ಲ. ಮೈಸೂರಿನ ಅಶೋಕಪುರಂನ ಕಡೆ ಬಂದರೂ ಆದೀತು. ಅಲ್ಲಿನ ರೈಲ್ವೆ ಕಾರ್ಯಾಗಾರದಲ್ಲಿ ಬೋಗಿಗಳನ್ನು ಬಿಚ್ಚಿ ದುರಸ್ತಿ ಮಾಡುತ್ತಾರೆ. ಹಿಂದೆ ನಮ್ಮ ಬೋಗಿಗಳಿಗೆ ನಿರ್ವಾತದ ಬ್ರೇಕ್ ಇತ್ತು. ಈಗ ಅದರ ಸ್ಥಾನಕ್ಕೆ ಒತ್ತಿದ ಗಾಳಿಯ ಬ್ರೇಕ್ ಬಂದಿದೆ. ಹಳೆಯ ಬ್ರೇಕಿನಲ್ಲಿ ಪಿಸ್ಟನ್ನಿನ ಮೇಲೂ ಕೆಳಗೂ ಗಾಳಿಯನ್ನು ಹೀರಿ ತೆಗೆದಿರುತ್ತಿದ್ದರು. ಚಾಲಕ ಹೊರಗಿನ ಗಾಳಿಯನ್ನು ಕೊಳವೆಗೆ ಬಿಟ್ಟೊಡನೆ ಅದು ಪಿಸ್ಟನ್ನಿನ ಕೆಳಗೆ ಮಾತ್ರ ನುಗ್ಗಿ ಮೇಲಕ್ಕೆ ದೂಡುತ್ತಿತ್ತು. ರೈಲನ್ನು ನಿಲ್ಲಿಸುತ್ತಿದ್ದುದು ನಿರ್ವಾತವಲ್ಲ, ನೀವು ನಾವು ಉಸಿರಾಡುವ ಗಾಳಿಯ ಒತ್ತಡ!

ಬೆನ್ನಿನ ಮೇಲೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಬಟ್ಟಲು ಮಾಂಸವನ್ನು ಎಳೆಯುತ್ತದೆ ಎನ್ನುತ್ತೇವೆ. ವಾಸ್ತವವಾಗಿ ಒಳಗೆ ಒತ್ತಡ ಕಡಿಮೆಯಾದ್ದರಿಂದ, ಸುತ್ತಲಿನ ಹೆಚ್ಚಿನ ಒತ್ತಡವು ಚರ್ಮವನ್ನೂ ಅದರಡಿಯ ಮಾಂಸವನ್ನೂ ಅದರೊಳಕ್ಕೆ ತಳ್ಳುತ್ತದೆ. ಲೆಕ್ಕ ಮಾಡಿ ನೋಡಿ. 5 ಸೆಂಟಿಮೀಟರ್ ವ್ಯಾಸದ ಬಟ್ಟಲಿನ ಬಾಯಿಯ ವಿಸ್ತೀರ್ಣ ಸುಮಾರು 20 ಚದರ ಸೆಂಟಿಮೀಟರ್. ವಾತಾವರಣದ ಒತ್ತಡ ಚದರ ಸೆಂಟಿಮೀಟರಿಗೆ ಸರಿಸುಮಾರು 1 ಕಿಲೋ. ಒಳಗಿನ ಒತ್ತಡವನ್ನು ಮೂರನೇ ಒಂದು ಭಾಗ ತಗ್ಗಿಸಿದರೂ 6 ಕಿಲೋಗೂ ಹೆಚ್ಚಿನ ಬಲ! ಗಾಜಿನ ಬಟ್ಟಲಾದರೆ ಉರಿಯುವ ಹತ್ತಿಯನ್ನು ಒಳಗಾಡಿಸಿ ತೆಗೆಯುತ್ತಾರೆ. ಕಾದು ಹಿಗ್ಗಿದ ಗಾಳಿ ಹೊರಗೆ ಹೋಗಿ, ಉಳಿದದ್ದು ತಣ್ಣಗಾದಾಗ ಒತ್ತಡ ಇಳಿಯುತ್ತದೆ. ಬೆಂಕಿ ಆಮ್ಲಜನಕವನ್ನು ತಿಂದುಹಾಕಿತು ಎಂಬ ವಿವರಣೆ ಪರೀಕ್ಷೆಯಲ್ಲಿ ಬರೆಯಬೇಡಿ, ಅದು ಮುಖ್ಯ ಕಾರಣವಲ್ಲ. ಪ್ಲಾಸ್ಟಿಕ್ ಬಟ್ಟಲಿಗೆ ಸಣ್ಣ ಪಂಪು ಇರುತ್ತದೆ, ಬೆಂಕಿಯ ಗೊಡವೆಯಿಲ್ಲ.

ಇನ್ನು ಆ ಕಲೆ. "ಕೆಟ್ಟ ರಕ್ತ ಮೇಲೆ ಬಂತು, ಎಷ್ಟು ಕಪ್ಪಾದರೆ ಅಷ್ಟು ವಿಷ ಹೋಯಿತು" ಎಂದು ಹೇಳುವವರಿದ್ದಾರೆ. ಇದು ನಿಜವಲ್ಲ. ಒತ್ತಡದ ವ್ಯತ್ಯಾಸಕ್ಕೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಒಡೆದು, ರಕ್ತ ಚರ್ಮದಡಿ ಸೋರುತ್ತದೆ. ಕ್ರಿಕೆಟ್ ಚೆಂಡು ತೊಡೆಗೆ ಬಡಿದಾಗ ಮೂಡುವ ಕಲೆಯೂ ಇಂಥದೇ. ಸೋರಿದ ಹಿಮೋಗ್ಲೋಬಿನ್ ಒಡೆದು ಬಿಲಿವರ್ಡಿನ್ ಆದಾಗ ಹಸಿರು, ಬಿಲಿರುಬಿನ್ ಆದಾಗ ಹಳದಿ; ಆಮೇಲೆ ಕಲೆ ಮಾಯ. ಹೆಚ್ಚು ಕಪ್ಪಾಗಿದ್ದರೆ ಹೆಚ್ಚು ನಾಳಗಳು ಒಡೆದಿವೆ ಎಂದಷ್ಟೇ ಅರ್ಥ.

ಹಾಗಾದರೆ ನೋವು ಕಡಿಮೆಯಾಯಿತೆನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಕುತ್ತಿಗೆ, ಸೊಂಟದ ನೋವಿಗೆ ಸ್ವಲ್ಪ ಕಾಲದ ಉಪಶಮನ ದೊರೆಯುತ್ತದೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ಆದರೆ ಅವು ಬಹುಪಾಲು ಚಿಕ್ಕವು. ಔಷಧವನ್ನು ಪರೀಕ್ಷಿಸುವಾಗ ಅರ್ಧ ಜನರಿಗೆ ಸಕ್ಕರೆ ಗುಳಿಗೆ ಕೊಡಬಹುದು. ಬೆನ್ನಿಗೆ ಸುಳ್ಳು ಬಟ್ಟಲು ಹಾಕಿ ಗೊತ್ತಾಗದಂತೆ ಇರಿಸುವುದು ಹೇಗೆ? ಸಂಶೋಧಕರು ಸಣ್ಣ ತೂತಿನ ಬಟ್ಟಲನ್ನು ಬಳಸಿ ನೋಡಿದ್ದಾರೆ. ಆದರೂ ಕಲೆ ಮೂಡದಿದ್ದರೆ ರೋಗಿಗೆ ಅನುಮಾನ ಬಂದೇ ಬರುತ್ತದೆ.

ತಿಳಿದ ಫಿಸಿಯೋಥೆರಪಿಸ್ಟ್ ಬಟ್ಟಲನ್ನು ವ್ಯಾಯಾಮಕ್ಕೆ ದಾರಿ ಮಾಡಿಕೊಡಲು ಬಳಸುತ್ತಾರೆ. ನೋವು ತುಸು ತಗ್ಗಿದ ಆ ಹೊತ್ತಿನಲ್ಲಿ ಭುಜ ಎತ್ತಿಸುತ್ತಾರೆ, ಸೊಂಟದ ಸ್ನಾಯುಗಳಿಗೆ ಕೆಲಸ ಕೊಡುತ್ತಾರೆ. ಬರೀ ಬಟ್ಟಲು ಹಾಕಿ ಹಣ ಪಡೆದು ಕಳಿಸುವವರು ಅರ್ಧ ಕೆಲಸವನ್ನೂ ಮಾಡಿಲ್ಲವೆಂದು ನನ್ನ ಅಭಿಪ್ರಾಯ.

ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ಹಿಮೋಫಿಲಿಯಾ ಇರುವವರು ಕಪ್ಪಿಂಗ್ ಮಾಡಿಸಿಕೊಳ್ಳಬಾರದು. ಗಾಯ, ಚರ್ಮರೋಗ, ಉಬ್ಬಿದ ರಕ್ತನಾಳಗಳ ಮೇಲೆ ಬಟ್ಟಲು ಇಡಬಾರದು. ಮನೆಯಲ್ಲಿ ಲೋಟ, ಬೆಂಕಿ ಹಿಡಿದು ಪ್ರಯೋಗ ಮಾಡಿ ಸುಟ್ಟುಕೊಳ್ಳಬೇಡಿ. ಮತ್ತೊಂದು ಮಾತು. ಸೊಂಟ ನೋವಿನ ಜೊತೆಗೆ ಕಾಲು ಸೋತರೆ, ತೊಡೆಯ ಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಅದು ಬಟ್ಟಲಿನ ಕೆಲಸವಲ್ಲ. ನಾಳೆ ನೋಡೋಣ ಎನ್ನದೆ, ನಿಮ್ಮ ಮನೆಯ ಹಿರಿಯರನ್ನು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಿರಿ.